ಕಾದಂಬರಿಯ ಹುಡುಗಿಯ ಪರವಾಗಿ

ಅಮೂಲ್ಯ,

ಇವತ್ತು ಫರೀದಾಬಾದಿನ ಬಿ.ಎಡ್. ತರಗತಿಯಲ್ಲಿ ನನ್ನ ಸರದಿಯಿತ್ತು. ಕಾದಂಬರಿಯೊಂದರ ಹದಿಹರೆಯದ ಪಾತ್ರವನ್ನು ಆರಿಸಿಕೊಂಡು, ಅದರ ಬೆಳವಣಿಗೆಯನ್ನು ಮಕ್ಕಳ ಮನೋವಿಜ್ಞಾನದ ಸಿದ್ಧಾಂತದಿಂದ ವಿವರಿಸಬೇಕಿತ್ತು. ಅನುವಾದದಲ್ಲಿ ಓದಿದ್ದ ಹದಿನೈದರ ಹುಡುಗಿಯೊಬ್ಬಳನ್ನು ಆರಿಸಿಕೊಂಡೆ. ಅವಳು ತಾಯಿಯೊಡನೆ ಮಾತು ಬಿಡುತ್ತಾಳೆ. ಅದು ಹಟವಲ್ಲ, ತಾನು ಯಾರೆಂದು ಹುಡುಕಿಕೊಳ್ಳುವ ವಯಸ್ಸು. ಆಗ ದೊಡ್ಡವರು ಮಕ್ಕಳ ಮಾತನ್ನು ತಿದ್ದಬಾರದು, ಕೇಳಿಸಿಕೊಳ್ಳಬೇಕು ಎಂದು ವಿವರಿಸಿದೆ. ಮೇಡಂ ತುಂಬಾ ಮೆಚ್ಚಿಕೊಂಡರು.

ಪಕ್ಕದಲ್ಲಿ ಕೂರುವ ರಿತು ಕೇಳಿದಳು: "ದೀದಿ, ಆಪ್ ಕೀ ಬೇಟಿ ತೋ ಬಡೀ ಲಕ್ಕಿ ಹೈ. ಸಬ್ ಕುಛ್ ಬತಾತೀ ಹೋಗೀ ನಾ?"

"ಹಾಂ, ಸಬ್ ಕುಛ್."

ನೀನು ಅದೃಷ್ಟವಂತೆ, ನನಗೆ ಎಲ್ಲವನ್ನೂ ಹೇಳುತ್ತೀಯೆಂದು ಅವಳ ಮುಖ ನೋಡಿಕೊಂಡೇ ಒಪ್ಪಿಬಿಟ್ಟೆ.

ಹತ್ತನೇ ತರಗತಿಯಲ್ಲಿದ್ದಾಗ ಒಂದು ಸಂಜೆ ನೀನು ಅಡುಗೆಮನೆಯ ಬಾಗಿಲಲ್ಲಿ ಅಳುತ್ತ ನಿಂತು, "ಮಮ್ಮಿ, ಆಜ್ ಸ್ಕೂಲ್ ಮೇ..." ಎಂದು ಶುರುಮಾಡಿದ್ದೆ. ಮನೆಯೊಳಗೆ ಹಿಂದಿಯಲ್ಲಿ ಮಾತಾಡಿದರೆ ಉತ್ತರ ಕೊಡುವುದಿಲ್ಲವೆಂಬುದು ನನ್ನ ನಿಯಮವಾಗಿತ್ತು.

"ಅಮ್ಮ ಅನ್ನು. ಕನ್ನಡದಲ್ಲಿ ಹೇಳು, ಕೇಳ್ತೀನಿ."

ನೀನು ಸ್ವಲ್ಪ ಹೊತ್ತು ಪದಗಳಿಗಾಗಿ ತಡಕಾಡಿದೆ. ಆಮೇಲೆ "ಏನಿಲ್ಲ ಅಮ್ಮ" ಎಂದು ರೂಮಿಗೆ ಹೋದೆ. ಕನ್ನಡದಲ್ಲೇ ಹೇಳಿದಳಲ್ಲ ಎಂದು ನಾನು ಖುಷಿಪಟ್ಟಿದ್ದೆ.

ಈಗ ಪುಣೆಯ ಹಾಸ್ಟೆಲಿನಿಂದ ಅಪ್ಪನಿಗೆ ಮಾತ್ರ ಫೋನ್ ಮಾಡುತ್ತೀಯ. ಅವತ್ತು ಶಾಲೆಯಲ್ಲಿ ಏನಾಯಿತೆಂದು ಅವರಿಗೆ ಗೊತ್ತಿರಬಹುದು, ನಾನು ಕೇಳಿಲ್ಲ. ನಿನಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗಿಯ ಬಗ್ಗೆ ತರಗತಿಯಲ್ಲಿ ನಾನು ಆಡಿದ್ದೆಲ್ಲ ಹಿಂದಿಯಲ್ಲೇ. ಒಂದು ಕಡೆಯೂ ತಡವರಿಸಲಿಲ್ಲ.