ಆನ್ ಮಾಡಿದರೆ ಆಫ್ ಆಗುವ ಗಾಡಿ

ಅಕ್ಕಾ,

ಬೆಳಿಗ್ಗೆ ಗಾಡಿ ಸಿಕ್ಕಿತು, ಗೇಟಿನ ಒಳಗೆ ನಿಲ್ಲಿಸಿದ್ದೇನೆ. ನೀನು ಅತ್ತು ಮಲಗಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಹತ್ತು ಗಂಟೆಗೆ ವರ್ಕ್‌ಶಾಪಿನ ಕೆಲಸ ಕೇಳಲು ಅದರಲ್ಲೇ ಹೋಗು.

ನಿನ್ನೆ ಲೈಬ್ರರಿಯ ಮುಂದೆ ಕೀ ಅದರಲ್ಲೇ ಬಿಟ್ಟು ಹೋದವನು ನಾನೇ. ಲಾಕ್ ಮಾಡಿದ್ದೆ ಎಂದದ್ದು ಸುಳ್ಳು. ಸಂಜೆ ಬೈಯುವೆಯಂತೆ.

ಕಳ್ಳ ತಳ್ಳಿಕೊಂಡು ಹೋದದ್ದು ಬರೀ ಎರಡು ಬೀದಿ. ಟೈರ್ ಅಂಗಡಿಯ ಹಿಂದೆ ಬಿಟ್ಟಿದ್ದ, ಕೀ ಅದರಲ್ಲೇ ಇತ್ತು. ಸೀಟು ಕಿತ್ತಿದ್ದ, ಅದರಡಿ ನೀನು ಬಚ್ಚಿಟ್ಟ ಸ್ವಿಚ್ಚೂ ಕಂಡಿರಬೇಕು. ಆದರೆ ಇಳಿಯುವಾಗ ನಾನು ಒತ್ತಿಟ್ಟ ಹಾಗೇ ಅದು 'ಆನ್' ಕಡೆಗಿತ್ತಲ್ಲ, ಅವನು ಮುಟ್ಟಿಲ್ಲ. ಆನ್ ಇದ್ದಾಗ ಎಂಜಿನ್ ಸಾಯುವ ಹಾಗೆ ವೈರ್ ಎಳೆಯುವ ತಲೆ ಇನ್ನು ಯಾರಿಗಿದೆ ಹೇಳು? ಟೈರ್ ಅಂಗಡಿಯವನೂ ಹತ್ತು ಸಲ ಕಿಕ್ ಹೊಡೆದು, "ಪ್ಲಗ್ ಹೋಗಿದೆ ನೋಡಪ್ಪಾ" ಅಂದ. ನಾನು ಸ್ವಿಚ್ ಆಫ್ ಮಾಡಿದೆ. ಒಂದೇ ಕಿಕ್!

"ಯಾವ ಮೆಕ್ಯಾನಿಕ್ ಮಾಡಿದ್ದು ಇದನ್ನ?"

"ನಮ್ಮಕ್ಕ."

ಹೇಳುವಾಗ ನನ್ನ ಎದೆ ಗೇಣುದ್ದ ಉಬ್ಬಿತ್ತು.

ಸೀಟಿನ ಒಂದು ಬೋಲ್ಟ್ ಇಲ್ಲ, ತಂತಿ ಸುತ್ತಿದ್ದೇನೆ, ಒಮ್ಮೆ ನೋಡಿಕೋ. ಏನೇನು ಕೆಲಸ ಬರುತ್ತದೆ ಎಂದು ಯಜಮಾನರು ಕೇಳಿದರೆ ತಡವರಿಸಬೇಡ. ಕೀ ಅವರ ಕೈಗೇ ಕೊಟ್ಟು, "ನೀವೇ ಸ್ಟಾರ್ಟ್ ಮಾಡಿ ಸಾರ್" ಎನ್ನು.

ನೀನು ನನ್ನ ಓದುವ ದೀಪದ ಸ್ವಿಚ್ ಕಿತ್ತು ಗಾಡಿಗೆ ಹಾಕಿದೆ ಎಂದು ವಾರವಿಡೀ ಮುಖ ಊದಿಸಿಕೊಂಡಿದ್ದೆನಲ್ಲ, ಅದು ಅಲ್ಲೇ ಇರಲಿ. ವೈರನ್ನು ಗೋಡೆಯಿಂದ ಕಿತ್ತು ದೀಪ ಆರಿಸುವುದು ನನಗೆ ರೂಢಿಯಾಗಿದೆ.