ತೊಟ್ಟಿಯ ಬಳಿಯ ಕೂಗು

ಏಪ್ರಿಲ್ ೧೯, ಶುಕ್ರವಾರ

ಮಗಳಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಕೆಲಸವಿತ್ತು, ಸಿಟ್ಟೂ ಇತ್ತು, ಸುಳ್ಳು ಯಾಕೆ. ನೀನು ಮಾಂಸದಂಗಡಿಯವನನ್ನು ಕಟ್ಟಿಕೊಂಡೆ ಎಂದು ನಾನು ಮದುವೆಗೆ ಬರಲಿಲ್ಲ. "ನಾವು ಟಗರು ಸಾಕಿ ಕೊಡದಿದ್ರೆ ಅವರು ಏನು ಕಡೀತಾರಮ್ಮಾ?" ಎಂದು ನೀನು ಅವತ್ತು ಕೇಳಿದ್ದೆ. ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಾಗ ತಿಳಿಸುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಟಗರುಗಳು ಸೊರಗಿವೆ. ನಮ್ಮ ಬಿಸಿಲು ಗೊತ್ತಲ್ಲ, ತೊಟ್ಟಿ ತುಂಬಿಸಿಟ್ಟರೆ ಕುರಿಗಿಂತ ಮೊದಲು ಅದೇ ಕುಡಿಯುತ್ತದೆ. ಹಾಗಾಗಿ ಕೂಗಿ ಕರೆದು, ಬಂದ ಮೇಲೆ ನೀರು ಬಿಡುವುದು ನಮ್ಮ ಪದ್ಧತಿ. ಆ ಕೂಗು ಇಷ್ಟು ವರ್ಷ ನಿನ್ನದೇ ಆಗಿತ್ತು. ಈಗ ನಾನು ಕೂಗಿದರೆ ಮುಳ್ಳುಮರದ ನೆರಳಿನಲ್ಲೇ ನಿಂತು, ಕರೆಯದೆ ಬಂದ ನೆಂಟರನ್ನು ನೋಡುವ ಹಾಗೆ ನನ್ನನ್ನು ನೋಡುತ್ತವೆ. ಅಟ್ಟಿಕೊಂಡು ಬಂದರೆ ಬೆದರಿ, ಮೂತಿ ಅದ್ದಿ ಓಡುತ್ತವೆ. ನೀರಿಳಿಯದ ಗಂಟಲಲ್ಲಿ ಒಣಮೇವು ಇಳಿಯುವುದಿಲ್ಲ.

"ಉಪ್ಪು ತಿಂದವರು ನೀರು ಕುಡೀಲೇಬೇಕು" ಎಂದು ನಿನ್ನಣ್ಣ ಹಿಂಡಿಗೆ ಉಪ್ಪು ಬೆರೆಸಿದ. ಅವು ಹಿಂಡಿಯನ್ನೇ ಬಿಟ್ಟವು. ಆಮೇಲೆ, "ಅವಳ ಹತ್ರ ಕೂಗಿಸಿ ಮೊಬೈಲಲ್ಲಿ ಹಾಕೋಣಮ್ಮ" ಅಂದ. ಮೊಬೈಲಿನಿಂದ ಕೆಟ್ಟವನು ಮನೆಗೆ ನೀನೊಬ್ಬ ಸಾಕು ಎಂದೆ.

ಮೊನ್ನೆ ವ್ಯಾಪಾರಿ ಬಂದು ಒಂದೊಂದರ ಬೆನ್ನೂ ಒತ್ತಿ ನೋಡಿದ. "ಏನಮ್ಮಾ ಇದು, ಬಾಚಣಿಗೆ ಮುಟ್ಟಿದ ಹಾಗಿದೆ. ಮಗಳೆಲ್ಲಿ? ಅವಳು ಕೂಗಿದ್ರೆ ನನ್ನ ಲಾರೀನೂ ನೀರಿಗೆ ಹೋಗ್ತಿತ್ತು."

ಮದುವೆಯಾಯಿತು ಎಂದೆ.

"ಯಾರ ಮನೆಗೆ ಕೊಟ್ರಿ?"

ನಾನು ಹಿಂಡಿಯ ಬೆಲೆ ಕೇಳಿದೆ.

ಮುಂದಿನ ಸಲಕ್ಕೂ ಮೈ ತುಂಬದಿದ್ದರೆ ಬೇರೆ ಕಡೆ ಕೊಳ್ಳುತ್ತೇನೆ ಎಂದು ಹೇಳಿ ಹೋದ. ನನ್ನ ಹಟ್ಟಿಯಿಂದ ಖಾಲಿ ಲಾರಿ ಹೋದದ್ದು ಇದೇ ಮೊದಲು.

ಅದಕ್ಕೆ ಕೇಳುತ್ತಿದ್ದೇನೆ. ನಿನ್ನ ಕೂಗು ಹೇಗೆ? ದನಿ ಮೊದಲು ಎಳೆಯುತ್ತೀಯೋ, ಕೊನೆಗೋ? ಬಿಡಿಸಿ ಬರೆ. ಬೇರೆ ಏನೂ ಬರೆಯಬೇಕಾಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ಚೆನ್ನಾಗಿರಿ. ಇಬ್ಬರೂ ಎಂದು ಬರೆದಿದ್ದೇನೆ, ಅವನಿಗೆ ತೋರಿಸು.

ನಿನ್ನ ತಾಯಿ

ಮತ್ತೆ ಸೇರಿಸಿದ್ದು: ಕಾಗದ ಮಡಿಚಿಟ್ಟು, ಮನೆಯಲ್ಲಿ ಯಾರೂ ಇಲ್ಲದಾಗ ನೆನಪಿದ್ದಷ್ಟು ನಿನ್ನ ಹಾಗೆಯೇ ಕೂಗಿ ನೋಡಿದೆ. ನನಗೇ ನಿನ್ನ ದನಿ ಕೇಳಿದಂತಾಯಿತು. ಎಲ್ಲವೂ ಓಡಿ ಬಂದವು. ಬಂದು, ನೀರು ಮುಟ್ಟದೆ, ಗೇಟಿನ ಕಡೆ ಮುಖ ಮಾಡಿ ನಿಂತವು. ನಾನೂ ಅತ್ತಲೇ ತಿರುಗಿದೆ.