ವೆರ್ರೋ, ವೆದ್ರೋ

ಮಾರ್ಚ್ ೧೧, ಮಂಗಳವಾರ

ಮುದ್ದು ಮಗಳೇ,

ಉತ್ತರ ತಡವಾಯಿತು, ಬೈಯಬೇಡ. ಎರಡು ವಾರದಿಂದ ಅಂಗಡಿಯಲ್ಲಿ ಸಮವಸ್ತ್ರದ ರಾಶಿ. ಕತ್ತರಿ ಕೆಳಗಿಡಲು ಪುರುಸೊತ್ತಿಲ್ಲ. ನೀವೆಲ್ಲ ಆರಾಮ ತಾನೇ?

ನೀನು ಕಳಿಸಿದ ಇಟಾಲಿಯನ್ ನೋಟ್‌ಬುಕ್ ಹೊಲಿಗೆ ಮಿಷನ್ ಪಕ್ಕದಲ್ಲೇ ಇದೆ. ಅರವತ್ತಾರರ ಅಪ್ಪನಿಗೆ ಮತ್ತೆ ಅಆಇಈ ತಿದ್ದಿಸಿದೆಯಲ್ಲ, ಆ ಋಣ ದೊಡ್ಡದು. ಇಟಲಿಯಲ್ಲೇ ಬೆಳೆಯುತ್ತಿರುವ ಮೊಮ್ಮಗಳ ಜೊತೆ ಅವಳ ಭಾಷೆಯಲ್ಲಿ ಎರಡು ಮಾತಾಡುವಂತಾದೆ. ಭವಿಷ್ಯತ್ಕಾಲವಂತೂ ನಮ್ಮ ದರ್ಜಿ ಕೆಲಸವೇ. ‘ಪಾರ್ಲಾರೆ’ ಎಂದರೆ ಮಾತಾಡುವುದು. ಕೊನೆಯ ‘ಎ’ ಕತ್ತರಿಸು, ‘ಲಾ’ ಇದ್ದದ್ದನ್ನು ‘ಲೆ’ ಮಾಡು, ತುದಿಗೆ ‘ಓ’ ಹೊಲಿ: ‘ಪಾರ್ಲೆರೋ’, ಮಾತಾಡುವೆನು! ನಮ್ಮ ‘ಬರ್ತೀನಿ’ ಇವತ್ತಿಗೂ ಆಗುತ್ತದೆ, ನಾಳೆಗೂ ಆಗುತ್ತದೆ. ಅವರಲ್ಲಿ ನಾಳೆಗೆ ಬೇರೆಯೇ ಅಂಗಿ.

ಎದುರಿನ ಗುಂಡಿ ಅಂಗಡಿಯವಳು ನಾನು ಉರು ಹೊಡೆಯುವುದನ್ನು ಕೇಳಿ, “ಟೈಲರ್ ಮಾಮ, ನಿಮಗೂ ಭವಿಷ್ಯತ್ಕಾಲ ಹೇಳ್ಕೊಡ್ಬೇಕಾ? ಮೂವತ್ತು ವರ್ಷದಿಂದ ‘ನಾಳೆ ಬನ್ನಿ’ ಅಂತಾನೇ ಇದ್ದೀರಲ್ಲ!” ಎಂದು ನಕ್ಕಳು. ನಾನೂ ನಕ್ಕೆ.

ಈಗ ಪುಟ್ಟಿಯ ವಿಷಯ. ಶಾಲೆಯ ನಾಟಕಕ್ಕೆ ಬರ್ತೀಯಾ ತಾತ ಎಂದು ಅವಳು ಕೇಳಿದ್ದಳು. ‘ವೆರ್ರೋ’, ಬರುತ್ತೇನೆ, ಎಂದು ಬರೆಯಲು ಹೋಗಿ ‘ವೆದ್ರೋ’, ನೋಡುತ್ತೇನೆ, ಎಂದು ಬರೆದುಬಿಟ್ಟೆ. ಒಂದೇ ಒಂದು ಅಕ್ಷರ! “ತಾತ ನೋಡ್ತಾರಂತೆ, ಅಂದ್ರೆ ಬರಲ್ಲ” ಎಂದು ಅವಳು ಮುಖ ಊದಿಸಿಕೊಂಡಳೆಂದು ನಿನ್ನ ಕಾಗದದಲ್ಲಿ ಓದಿ ನನಗೆ ಊಟ ಸೇರಲಿಲ್ಲ. ವಿಮಾನದ ಟಿಕೆಟ್ ತೆಗೆದಾಯಿತು ಎಂದು ಹೇಳು. ನಾಟಕದ ಹಿಂದಿನ ದಿನವೇ ನಿಮ್ಮ ಬಾಗಿಲಲ್ಲಿರುತ್ತೇನೆ. ಜೊತೆಗಿಟ್ಟ ಚೀಟಿಯಲ್ಲಿ ‘ವೆರ್ರೋ’ ಎಂದು ಹತ್ತು ಸಲ ಬರೆದಿದ್ದೇನೆ, ಬೇಕಿದ್ದರೆ ಎಣಿಸಿಕೊಳ್ಳಲಿ.

ನೀನಿಲ್ಲದಿದ್ದರೆ ಈ ವಯಸ್ಸಿನಲ್ಲಿ ನನಗೆ ಯಾರು ಕಲಿಸುತ್ತಿದ್ದರು? ನಿನ್ನ ಹೊಟ್ಟೆ ತಣ್ಣಗಿರಲಿ, ಮನೆ ತುಂಬ ನಗು ಇರಲಿ.

ನಿನ್ನ ಅಪ್ಪ

ತಾ.ಕ.: ನನ್ನ ಪ್ರತಿ ತಪ್ಪಿಗೂ ಕೆಂಪು ಸುತ್ತು ಹಾಕಿ ಕಳಿಸುವವಳು ನೀನು. ಈ ‘ವೆದ್ರೋ’ಗೆ ಮಾತ್ರ ಹಾಕಲಿಲ್ಲ. ನಾನು ಬೇರೇನೋ ಬರೆಯಲು ಹೋಗಿದ್ದೆ ಎಂದು ನಿನಗೆ ಅನ್ನಿಸಲೇ ಇಲ್ಲ, ಅಲ್ಲವಾ? ನಿನ್ನ ತಪ್ಪಲ್ಲ ಬಿಡು. ಎರಡನೇ ಕ್ಲಾಸಿನ ನಾಟಕದಲ್ಲಿ ನೀನು ಅಳಿಲಾಗಿದ್ದೆ. “ಅಪ್ಪಾ, ಬರ್ತೀಯಾ?” ಎಂದು ನೀನು ಕೇಳಿದಾಗ, ಮಿಷನ್‌ನಿಂದ ತಲೆ ಎತ್ತದೆ “ನೋಡೋಣ” ಎಂದವನು ನಾನು. ಬಾಲ ನಾನೇ ಹೊಲಿದದ್ದು. ವೇದಿಕೆಯಲ್ಲಿ ಅದು ನಿನಗೆ ಹೇಗೆ ಒಪ್ಪುತ್ತಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.